ಮೇಲಿನ ತಾಕಿನಲ್ಲಿ ಮೂರು ರಾತ್ರಿಯ ಮಂದೆ

ಬೆಳೆ ಸೊಂಪಾಗಿ ಬಂದಿತೆಂದು ಹೆದರಿ ಅನ್ನ ಸೇರದೆ ಕೂತವರು ಹೊಸದುರ್ಗದ ಸೀಮೆಯಲ್ಲಿ ಹುಚ್ಚಕ್ಕನೊಬ್ಬಳೇ ಇರಬೇಕು. ಬೆಳೆ ಬರಲಿಲ್ಲವೆಂದು ಹೆದರುವವರು ಬೇಕಾದರೆ ಊರಿಗೆ ನೂರು ಮಂದಿ ಸಿಗುತ್ತಾರೆ. ಆ ವರ್ಷದ ಜೂನ್ ತಿಂಗಳಲ್ಲಿ ಒಂದು ಬೆಳಗ್ಗೆ ಗೂಬೆಕಲ್ಲು ಗುಡ್ಡದ ಮೇಲಿನ ತಾಕಿಗೆ ಹತ್ತಿ ಹೋದ ಹುಚ್ಚಕ್ಕ ದ್ರಾಕ್ಷಿ ಬಳ್ಳಿಗಳನ್ನು ನೋಡಿ ನಿಂತಲ್ಲೇ ನಿಂತಳು. ಎಲೆ ಒಂದೊಂದೂ ಅಂಗೈಗಿಂತ ಅಗಲವಾಗಿತ್ತು. ಹಸಿರು ಕಪ್ಪಿಗೆ ತಿರುಗಿತ್ತು. ಚಿಗುರು ತಂತಿ ದಾಟಿ ಆಚೆ ಸಾಲಿಗೆ ಕೈ ಚಾಚಿತ್ತು. ಕೆಲಸಕ್ಕೆ ಬಂದಿದ್ದ ಹೆಂಗಸರು, "ಈ ವರ್ಷ ಸುಗ್ಗಿ ಬಿಡಕ್ಕ" ಅಂದರು. ಮೇ ತಿಂಗಳಲ್ಲಿ ಅದೇ ಚಿಗುರನ್ನು ಕಂಡು ಒಳಗೊಳಗೇ ಹಿಗ್ಗಿದ್ದ ಹುಚ್ಚಕ್ಕ ಈಗ ತಂತಿ ದಾಟಿದ ಒಂದು ಕುಡಿಯನ್ನು ಚಿವುಟಿ ಹಾಕಿದಳು. ಆ ಸೊಂಪು ಎಲ್ಲಿಂದ ಬಂತೆಂಬುದು ತೋಟದಲ್ಲಿ ಅವಳಿಗೊಬ್ಬಳಿಗೇ ಗೊತ್ತಿತ್ತು.

ಹುಚ್ಚಕ್ಕನಿಗೆ ಐವತ್ತೈದು ದಾಟಿದೆ. ಕುರಿಯವರ ಮನೆಯ ಮಗಳು. ಮದುವೆಯಾಗುವವರೆಗೂ ಅಪ್ಪನ ಮಂದೆಯ ಹಿಂದೆ ನಡೆದವಳು. ಸುಗ್ಗಿ ಮುಗಿದ ಮೇಲೆ ಹೊಳಲ್ಕೆರೆ ದಾಟಿ ನೀರಾವರಿ ಬಯಲಿಗೆ ಹೋಗುವುದು, ಬೇಸಿಗೆಯಲ್ಲಿ ಗುಡ್ಡದ ದಾರಿ ಹಿಡಿದು ಮರಳುವುದು, ಇದೇ ಅವಳು ಕಂಡ ಓದು. ಅವರ ಮನೆಯಲ್ಲಿ ಹೊಲವನ್ನು ಎಕರೆಯಲ್ಲಿ ಅಳೆಯುತ್ತಿರಲಿಲ್ಲ. ಎಷ್ಟು ರಾತ್ರಿ ಮಂದೆ ತರುಬಬಹುದು ಎಂದು ಅಳೆಯುತ್ತಿದ್ದರು. ಕುರಿ ಹಿಂಡನ್ನು ರಾತ್ರಿಯೆಲ್ಲ ಒಂದು ಹೊಲದಲ್ಲಿ ತರುಬಿ ಮಲಗಿಸಿದರೆ ಬೆಳಗಾಗುವಷ್ಟರಲ್ಲಿ ಹಿಕ್ಕೆ, ಗಂಜಳ ಎಲ್ಲ ಮಣ್ಣಿಗಿಳಿದು ಹೊಲದ ಹಣೆಬರಹವೇ ಬದಲಾಗುತ್ತದೆ. ಹೊಲದವರು ಅದಕ್ಕೆ ಕಾಳು ಕೊಟ್ಟು, ಊಟ ಕೊಟ್ಟು, ಇನ್ನೊಂದು ರಾತ್ರಿ ಇದ್ದು ಹೋಗಿರೆಂದು ಬೇಡಿಕೊಳ್ಳುತ್ತಿದ್ದರು. ಮಣ್ಣಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ ಎಂದು ಹುಚ್ಚಕ್ಕ ಹುಟ್ಟಿದಾರಭ್ಯ ಕೇಳಿರಲಿಲ್ಲ.

ದ್ರಾಕ್ಷಿಯ ಸಹವಾಸ ಬಂದದ್ದು ಹದಿಮೂರು ವರ್ಷದ ಹಿಂದೆ. ಹೊಸದುರ್ಗ ಪೇಟೆಯ ಕೊಬ್ಬರಿ ವ್ಯಾಪಾರಿ ಪರಮೇಶ್ವರಪ್ಪನವರಿಗೆ ಅವರ ತಾತನ ಕಾಲದಿಂದ ಬಂದ ಈ ಗುಡ್ಡವೊಂದಿತ್ತು. ಹುರುಳಿ ಚೆಲ್ಲಿದರೆ ಹುರುಳಿಯೂ ಮುಖ ಸಿಂಡರಿಸಿಕೊಂಡು ಮೇಲೇಳುವ ಗರಸು ನೆಲ. ವೈನ್ ಮಾಡುವ ಕಂಪನಿಯವರು ಒಂದು ದಿನ ಜೀಪಿನಲ್ಲಿ ಬಂದು ಎತ್ತರ ಅಳೆದರು, ಆಳುದ್ದ ಗುಂಡಿ ತೆಗೆಸಿದರು, ಒಳಗಿನ ಕಲ್ಲು ನೋಡಿ ಮುಗುಳ್ನಕ್ಕರು. ಗುಂಡಿ ತೋಡುವ ಕೂಲಿಗೆ ಬಂದಿದ್ದ ಹುಚ್ಚಕ್ಕ, ಕಲ್ಲು ಕಂಡು ಖುಷಿಪಟ್ಟ ಜನರನ್ನು ಮೊದಲ ಸಲ ನೋಡಿದ್ದು ಅವತ್ತೇ. ಪರಮೇಶ್ವರಪ್ಪನವರು ಹಣೆಗೆ ವಿಭೂತಿ ಇಲ್ಲದೆ ಹೊಸ್ತಿಲು ದಾಟದ ಮನುಷ್ಯ. ಸಿರಿಗೆರೆ ಮಠಕ್ಕೆ ಹೋದಾಗ ಯಾರಾದರೂ ಕೇಳಿದರೆ "ದ್ರಾಕ್ಷಿ ಹಾಕಿದೀನಿ" ಅನ್ನುತ್ತಾರೆ, ಅಲ್ಲಿಗೆ ಮಾತು ನಿಲ್ಲಿಸಿ ಮಳೆ ಸುದ್ದಿ ತೆಗೆಯುತ್ತಾರೆ. ತಮ್ಮ ಹಣ್ಣಿನ ಬಾಟಲಿಯನ್ನು ಅವರು ಇವತ್ತಿನವರೆಗೆ ಕಣ್ಣಿಂದಲೂ ನೋಡಿಲ್ಲ.

ಹುಚ್ಚಕ್ಕ ಬಬ್ಬೂರಿನ ಕೃಷಿ ಫಾರಂಗೆ ಒಂದು ವಾರ ಹೋಗಿ ಬಳ್ಳಿ ಸವರುವುದನ್ನು ಕಲಿತು ಬಂದಳು. ಎರಡನೆಯ ವರ್ಷಕ್ಕೇ ಎಲ್ಲರಿಗಿಂತ ಮುಂದಾದಳು, ಐದನೆಯ ವರ್ಷಕ್ಕೆ ಮೇಸ್ತ್ರಿಯಾದಳು. ತೋಟದ ಗೇಟಿನ ಕೀಲಿ ಅವಳ ಸೊಂಟಕ್ಕೆ ಬಂತು. ಗಂಡಸರು ಮೊದಮೊದಲು ಗೊಣಗಿದರು. ಅವಳು ಕತ್ತರಿ ಹಿಡಿದದ್ದನ್ನು ನೋಡಿದ ಮೇಲೆ ಸುಮ್ಮನಾದರು.

ತೋಟದಲ್ಲಿ ಎರಡು ತಾಕು. ಕೆಳಗಿನದು ಗುಡ್ಡದ ಬುಡದಲ್ಲಿ, ಮಣ್ಣು ಕೂತ ಜಾಗದಲ್ಲಿದೆ. ಮೇಲಿನದು ಗುಡ್ಡದ ಹೆಗಲ ಮೇಲಿದೆ. ಎರಡರ ನಡುವಿನ ಎತ್ತರವನ್ನು ಕಂಪನಿಯವರು ಮೀಟರಿನಲ್ಲಿ ಹೇಳುತ್ತಾರೆ, ಹುಚ್ಚಕ್ಕ ಕಂಬಳಿಯಲ್ಲಿ ಹೇಳುತ್ತಾಳೆ. ಕೆಳಗೆ ಒಂದು ಕಂಬಳಿ ಸಾಕಾದರೆ ಮೇಲೆ ಮಲಗಿದವನಿಗೆ ಎರಡು ಬೇಕು. ಹಗಲು ಕಲ್ಲು ಕಾದು ಕಾಲು ಸುಡುತ್ತದೆ, ಹೊತ್ತು ಮುಳುಗಿದ್ದೇ ಗಾಳಿ ಬೀಸಿ ಅದೇ ಕಲ್ಲು ತಣ್ಣಗಾಗುತ್ತದೆ. ಆ ಬಿಸಿಲಲ್ಲಿ ಹಣ್ಣಿಗೆ ಸಿಹಿ ಬರುತ್ತದೆ, ಆ ಚಳಿಯಲ್ಲಿ ಹುಳಿ ಉಳಿಯುತ್ತದೆ, ಎರಡೂ ಇದ್ದರೇ ವೈನ್ ಎಂದು ಕಂಪನಿಯ ಕಡೆಯಿಂದ ತೋಟ ನೋಡಲು ಬರುವ ದಾಕ್ಷಾಯಿಣಿ ಹೇಳಿದ್ದಳು. ಹೊಳಲ್ಕೆರೆ ಕಡೆಯ ಹೆಣ್ಣುಮಗಳು ಅವಳು. ಓದಿದ್ದು ತೋಟಗಾರಿಕೆ, ಬೈಕಿನಲ್ಲಿ ಗುಡ್ಡ ಹತ್ತುತ್ತಾಳೆ, ಮಾತು ಕಡಿಮೆ.

"ಈ ಮಣ್ಣಲ್ಲಿ ಏನೂ ಇಲ್ಲ, ಅದೇ ಇದರ ಹೆಚ್ಚುಗಾರಿಕೆ ಹುಚ್ಚಕ್ಕಾ" ಎಂದು ಅವಳು ಎಷ್ಟೋ ಸಲ ಹೇಳಿದ್ದಳು. "ಬಳ್ಳಿ ಹಸ್ಕೊಂಡಿರಬೇಕು. ಹಸಿದ ಬಳ್ಳಿ ಎಲೆ ಬಿಡೋ ಚಟ ಬಿಟ್ಟು ಕಾಯಿ ಕಡೆ ಗಮನ ಕೊಡ್ತೈತೆ. ಬೇರು ಕಲ್ಲು ಸಂದೀಲಿ ನೀರು ಹುಡುಕ್ತಾ ಹೋಗ್ತೈತೆ."

ಹುಚ್ಚಕ್ಕ ತಲೆಯಾಡಿಸುತ್ತಿದ್ದಳು. ಮನಸ್ಸು ಒಪ್ಪುತ್ತಿರಲಿಲ್ಲ. ಹೊಟ್ಟೆಗಿಲ್ಲದೆ ಚೆನ್ನಾಗಿ ಆಗುವುದು ಯಾವುದಾದರೂ ಉಂಟೇ? ಮೇಲಿನ ತಾಕಿನ ಗೊಂಚಲುಗಳು ಬಡಕಲು, ಹಣ್ಣು ಕಾರೆಹಣ್ಣಿನಷ್ಟು ಸಣ್ಣ, ಸಿಪ್ಪೆ ದಪ್ಪ. ಆ ಸಣ್ಣ ಹಣ್ಣನ್ನೇ ಕಂಪನಿ ಬೇರೆಯಾಗಿ ಒಯ್ದು ಬೇರೆಯಾಗಿಯೇ ಬಾಟಲಿಗೆ ತುಂಬುತ್ತಿತ್ತು. ಆದರೂ ಪ್ರತಿ ಕಟಾವಿನಲ್ಲೂ ಕೆಳಗಿನ ತಾಕಿನ ಕ್ರೇಟು ತುಂಬಿ ತುಳುಕುವಾಗ ಮೇಲಿನದರ ಕ್ರೇಟು ಅರ್ಧಕ್ಕೇ ನಿಲ್ಲುವುದನ್ನು ಕಂಡು ಅವಳ ಕರುಳು ಚುರುಕ್ಕೆನ್ನುತ್ತಿತ್ತು. ನೆರೆಮನೆಯ ಮಕ್ಕಳು ದುಂಡಗಿದ್ದು ತನ್ನ ಮಗುವೊಂದೇ ಸೊರಗಿದರೆ ತಾಯಿಗಾಗುವ ಸಂಕಟ ಅದು.

ಮೊದಲ ಫಸಲಿನಿಂದ ಎಣಿಸಿದ, ಕಂಪನಿಯೊಂದಿಗಿನ ಹತ್ತು ವರ್ಷದ ಕರಾರು ಮುಂದಿನ ಕಟಾವಿಗೆ ಮುಗಿಯುವುದಿತ್ತು. ಹೊಸದಾಗಿ ಬರೆದುಕೊಡುವುದು ಬಿಡುವುದು ಮೇಲಿನ ತಾಕಿನ ಹಣ್ಣಿನ ಮೇಲೆ ಎಂದು ಎಲ್ಲರಿಗೂ ಗೊತ್ತಿತ್ತು. ಆ ವರ್ಷವಾದರೂ ತಾಕು ಮೈ ತುಂಬಿಕೊಂಡು ನಿಲ್ಲಲಿ ಎಂದು ಹುಚ್ಚಕ್ಕನಿಗೆ ಆಸೆಯಾಯಿತು. ಮಾರ್ಚ್ ಕೊನೆಗೆ, ಕಟಾವು ಮುಗಿದು ಕೂಲಿಯವರೆಲ್ಲ ಚದುರಿದ ಮೇಲೆ, ಅವಳ ತಮ್ಮ ಯತ್ತಪ್ಪ ಮುನ್ನೂರು ಕುರಿಗಳೊಂದಿಗೆ ಬಯಲಿನಿಂದ ಹಿಂತಿರುಗುತ್ತಿದ್ದ. ಕುರಿಯವರ ಹಳೆಯ ದಾರಿ ಮೇಲಿನ ತಾಕಿನ ಮೂಲೆಯನ್ನು ಹಾದು ಗುಡ್ಡದಾಚೆಯ ನೀರಿನ ಕಟ್ಟೆಗೆ ಇಳಿಯುತ್ತದೆ. ಪರಮೇಶ್ವರಪ್ಪನವರು ಬೀಗರ ಮನೆಯ ಮದುವೆಗೆಂದು ವಾರ ಊರಲ್ಲಿರಲಿಲ್ಲ.

"ಮೂರು ರಾತ್ರಿ ಇಲ್ಲಿ ತರುಬು" ಅಂದಳು ಹುಚ್ಚಕ್ಕ.

"ಸಾವ್ಕಾರ್ರಿಗೆ ಹೇಳಿದೀಯ?"

"ಹೇಳಾದೇನೈತೆ. ಬ್ಯಾಡ ಅನ್ನೋರು ಯಾರವ್ರೆ ಇದನ್ನ."

ಯತ್ತಪ್ಪ ಬೇರೆ ಹೊಲದವರು ಕೊಡುತ್ತೇವೆಂದಿದ್ದ ಕಾಳು ಬಿಟ್ಟು, ಅಕ್ಕನ ತೋಟವೆಂದು ಮೂರು ರಾತ್ರಿ ಬಿಟ್ಟಿಯಾಗಿ ಮಂದೆ ತರುಬಿದ. ಕುರಿಗಳು ಉಳಿದಿದ್ದ ಹಳೆ ಎಲೆಯನ್ನು ಮೇಯ್ದು ನಡುವಿನ ಸಾಲುಗಳಲ್ಲಿ ಒತ್ತೊತ್ತಾಗಿ ಮಲಗಿದವು. ಅವು ಹೋದ ಮೇಲೆ ಹುಚ್ಚಕ್ಕ ಎರಡು ದಿನ ಒಬ್ಬಳೇ ಗುದ್ದಲಿ ಹಿಡಿದು ಹಿಕ್ಕೆಯನ್ನು ಮಣ್ಣಿಗೆ ಸೇರಿಸಿದಳು. ಆ ಎರಡು ದಿನ ಅವಳು ತುಂಬಾ ಸಂತೋಷವಾಗಿದ್ದಳು ಎಂಬುದನ್ನೂ ಹೇಳಲೇಬೇಕು.

ಜೂನ್‌ನ ಆ ಬೆಳಗ್ಗೆಯೇ ದಾಕ್ಷಾಯಿಣಿ ಬಂದಳು. ಸಾಲುಗಳ ನಡುವೆ ನಡೆದಳು. ಚಿಗುರನ್ನು ಬೆರಳಲ್ಲಿ ಒತ್ತಿದಳು. ಹೊಗಳಲಿಲ್ಲ.

"ಏನು ಕೊಟ್ರಿ ಹುಚ್ಚಕ್ಕಾ ಇದಕ್ಕೆ?"

"ಏನೂ ಇಲ್ಲ ಮೇಡಮ್ಮಾರೆ."

ಬಾಯಿಂದ ಅದು ತಾನಾಗಿ ಬಂತು. ಹಿಂದಕ್ಕೆ ಎಳೆದುಕೊಳ್ಳಲು ಹೊತ್ತೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ದಾಕ್ಷಾಯಿಣಿ ಎಲೆತೊಟ್ಟುಗಳನ್ನು ಕಿತ್ತು ಕಾಗದದ ಚೀಲಕ್ಕೆ ಹಾಕಿಕೊಂಡಳು, ಪರೀಕ್ಷೆಗೆ ಕಳಿಸಬೇಕೆಂದಳು. ಹನಿ ನೀರನ್ನು ಅರ್ಧಕ್ಕೆ ಇಳಿಸಿದಳು. ಬಳ್ಳಿ ಹೀಗೆ ಕೊಬ್ಬಿದರೆ ಎಲೆಯ ನೆರಳಲ್ಲಿ ಕಾಯಿ ಕೂತು ಬಣ್ಣ ಕಟ್ಟುವುದಿಲ್ಲ, ಹಣ್ಣು ನೀರು ಕುಡಿದು ಊದುತ್ತದೆ, ವೈನಿಗೆ ಹಸಿಹುಲ್ಲಿನ ರುಚಿ ಬರುತ್ತದೆ ಎಂದಳು. ಒಂದೊಂದು ಮಾತೂ ಹುಚ್ಚಕ್ಕನಿಗೆ ಕೆನ್ನೆಗೆ ಹೊಡೆದಂತಿತ್ತು. ಹದಿಮೂರು ವರ್ಷ ತಲೆಯಾಡಿಸುತ್ತ ಕೇಳಿದ ಪಾಠ ಅವತ್ತು ಮೊದಲ ಸಲ ಅವಳ ಒಳಕ್ಕಿಳಿಯಿತು.

ಜುಲೈನಲ್ಲಿ ಪರೀಕ್ಷೆಯ ಕಾಗದ ಬಂತು. ತೊಟ್ಟಿನಲ್ಲಿ ಸಾರ ಇರಬೇಕಾದ್ದಕ್ಕಿಂತ ಹೆಚ್ಚಾಗಿತ್ತು. ದಾಕ್ಷಾಯಿಣಿ ಪರಮೇಶ್ವರಪ್ಪನವರ ಅಂಗಡಿಗೇ ಹೋಗಿ ಮಾತಾಡಿದಳು. ಲೆಕ್ಕದ ಚೀಟಿ ಕೊಡಲು ಹೋಗಿದ್ದ ಹುಚ್ಚಕ್ಕ ಕೊಬ್ಬರಿ ಮೂಟೆಯ ಪಕ್ಕ ನಿಂತು ಕೇಳಿಸಿಕೊಂಡಳು.

"ಗೊಬ್ಬರ ಏನೂ ಕೊಟ್ಟಿಲ್ಲ ಅಂತಾರೆ. ಹಂಗಾದ್ರೆ ನಾವು ಅಂದ್ಕೊಂಡ ಮಣ್ಣಲ್ಲ ಇದು ಸಾವ್ಕಾರ್ರೆ. ಬೇರು ಕೆಳಗಿಳಿದು ಎಲ್ಲೋ ಸಾರದ ಮಣ್ಣು ಮುಟ್ಟಿರಬೇಕು. ಒಂದ್ಸಲ ಮುಟ್ಟಿದ್ರೆ ಮುಗೀತು, ಅದನ್ನ ವಾಪಸ್ ಎಳೆಯಾಕೆ ಆಗಲ್ಲ. ಜನವರಿಲಿ ಕಾಯಿ ಬಣ್ಣ ತಿರುಗೋವಾಗ ನೋಡ್ತೀನಿ. ಸರಿ ಹೋಗಿಲ್ಲ ಅಂದ್ರೆ ಮೇಲಿನ ತಾಕು ನಮಗೆ ಬ್ಯಾಡ."

ಪರಮೇಶ್ವರಪ್ಪನವರು ಸಿಟ್ಟಾಗಲಿಲ್ಲ. ವ್ಯಾಪಾರಸ್ಥರು. ರಸ್ತೆ ಅಗಲ ಮಾಡುವ ಕಂಟ್ರಾಕ್ಟರೊಬ್ಬ ಎರಡು ವರ್ಷದಿಂದ ಆ ಗುಡ್ಡದ ಗರಸು ಕೇಳುತ್ತಿದ್ದಾನೆ, ದ್ರಾಕ್ಷಿ ಆಗದಿದ್ದರೆ ಅವನಿಗೇ ಕೊಡುತ್ತೇನೆ ಅಂದರು. ಮೇಲಿನ ಹೆಗಲನ್ನು ಕಡಿದರೆ ಟಿಪ್ಪರ್ ನೇರವಾಗಿ ಹತ್ತುತ್ತದಂತೆ.

ಹುಚ್ಚಕ್ಕ ಚೀಟಿ ಕೊಡದೆಯೇ ಬಸ್‌ಸ್ಟ್ಯಾಂಡಿಗೆ ನಡೆದಳು. ತಪ್ಪು ಮಾಡಿದವಳು ತಾನು, ಆರೋಪ ಹೊತ್ತದ್ದು ಮಣ್ಣು. ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಮೇಸ್ತ್ರಿಕೆ ಹೋಗುತ್ತದೆ, ಅದು ಒಂದು. ಅದಕ್ಕಿಂತ ಹೆಚ್ಚಾಗಿ ಅವಳನ್ನು ತಡೆದದ್ದು ಯತ್ತಪ್ಪನ ದಾರಿ. ಈಗೀಗ ತೋಟದವರಿಗೆ ಕುರಿಯವರೆಂದರೆ ಆಗುವುದಿಲ್ಲ. ಎಲ್ಲೆಲ್ಲೂ ತಂತಿ, ಎಲ್ಲೆಲ್ಲೂ ಗೇಟು. ಗುಡ್ಡದ ಮೇಲಿನ ಈ ದಾರಿಯೊಂದು ಉಳಿದಿತ್ತು. ಕುರಿಯಿಂದ ತಾಕು ಕೆಟ್ಟಿತೆಂದು ಗೊತ್ತಾದರೆ ಇದಕ್ಕೂ ಬೀಗ ಬೀಳುವುದು ಖಂಡಿತ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಪಾಡು ಅವಳದು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಹೇಳದೆಯೇ ಸರಿ ಮಾಡಲು ನೋಡಿದಳು. ಬಡ ಹೊಲಕ್ಕೆ ಜೋಳ ಬಿತ್ತಬೇಡ, ಇದ್ದ ಸಾರವನ್ನೂ ನೆಕ್ಕಿಬಿಡುತ್ತದೆ ಎಂದು ಹಿರಿಯರು ಅನ್ನುತ್ತಿದ್ದರು. ಈಗ ನೆಕ್ಕುವವರೇ ಬೇಕಾಗಿತ್ತು. ಜುಲೈ ಮಳೆ ಬಿದ್ದದ್ದೇ ಹುಚ್ಚಕ್ಕ ದ್ರಾಕ್ಷಿ ಸಾಲುಗಳ ನಡುವೆ ಒತ್ತಾಗಿ ಜೋಳ ಬಿತ್ತಿದಳು. ಕೂಲಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ವೈನ್ ಕುಡಿಯುವವರಿಗೆ ಹುಚ್ಚಕ್ಕ ಈ ವರ್ಷ ರೊಟ್ಟಿಯನ್ನೂ ಬಡಿದು ಕೊಡುತ್ತಾಳೆ ಎಂದರು. ಪರಮೇಶ್ವರಪ್ಪನವರು ಕೇಳಿದಾಗ, "ಮಳೇಲಿ ಮಣ್ಣು ಕೊಚ್ಕಂಡು ಹೋಗಬಾರ್ದು ಅಂತ ಹಾಕೀನ್ರಿ" ಅಂದಳು. ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಯಿತು. ಆಳೆತ್ತರ ಬಂದ ಜೋಳವನ್ನು ಹಸಿಯಾಗಿಯೇ ಕೊಯ್ದು, ಒಂದು ದಂಟೂ ತಾಕಿನಲ್ಲಿ ಉಳಿಯದಂತೆ ಹೊರೆ ಕಟ್ಟಿ ಗುಡ್ಡದ ಕೆಳಕ್ಕೆ ಹೊರಿಸಿದಳು.

ಅಕ್ಟೋಬರಿನಲ್ಲಿ ಬಳ್ಳಿ ಸವರಿದರು. ನವೆಂಬರಿನಲ್ಲಿ ಗೊಂಚಲು ಕಣ್ಣು ಬಿಟ್ಟವು. ತಾಕಿನ ಅಂಚಿನ ಸಾಲುಗಳು ಹಳೆಯ ಹದಕ್ಕೆ ಬಂದಿದ್ದವು, ತೆಳ್ಳಗೆ, ಬಿಸಿಲು ಹಾಯುವಂತೆ. ಜೋಳ ತನ್ನ ಕೆಲಸ ಮಾಡಿತ್ತು. ಆದರೆ ಕುರಿ ಒತ್ತಾಗಿ ಮಲಗಿದ್ದ ನಡುವಿನ ಆರು ಸಾಲು ಮಾತ್ರ ಮತ್ತೆ ಕಪ್ಪುಹಸಿರಿಗೆ ತಿರುಗಿದವು. ಹುಚ್ಚಕ್ಕ ದಿನಾ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ಗೊಂಚಲಿನ ಮೂಡಣ ಬದಿಯ ಎಲೆ ಕೀಳುತ್ತಿದ್ದಳು. ಕಿತ್ತ ಕಡೆ ವಾರಕ್ಕೆ ಮತ್ತೆ ಚಿಗುರುತ್ತಿತ್ತು. ಕನಸಿನಲ್ಲೂ ಅವಳ ಬೆರಳು ಎಲೆ ಕೀಳುತ್ತಿದ್ದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರಾದರೂ ಹತ್ತಿರದಲ್ಲಿ ಗೊಬ್ಬರದ ಸುದ್ದಿ ತೆಗೆದರೆ ಸಾಕು, ಹುಚ್ಚಕ್ಕ ಕೆಲಸದ ನೆಪ ಮಾಡಿ ಆಚೆ ಸಾಲಿಗೆ ಹೋಗುತ್ತಿದ್ದಳು. ಸೊಸೆ ಭಾಗ್ಯ, "ಅತ್ತೆ, ಆಸ್ಪತ್ರೆಗೆ ತೋರಿಸ್ಕಂಡು ಬರಾಣ ಬರ್ರಿ, ಇಳಿದೋಗಿದೀರಿ" ಎಂದು ಹಟ ಹಿಡಿದಳು. ಬಿಸಿಲಿಗೆ ಹಿಂಗಾಗಿದೀನಿ ಅಂದಳು ಹುಚ್ಚಕ್ಕ. ಆಗ ಇದ್ದದ್ದು ಮಾಗಿ ಚಳಿ.

ಡಿಸೆಂಬರಿನಲ್ಲಿ ಕಂಟ್ರಾಕ್ಟರಿನ ಕಡೆಯ ಇಬ್ಬರು ಟೇಪು ಹಿಡಿದು ಬಂದು ಮೇಲಿನ ತಾಕಿನ ಸುತ್ತ ಅಳೆದರು. ಬಂಡೆಗಳ ಮೇಲೆ ಸುಣ್ಣದಲ್ಲಿ ಗೀಟು ಎಳೆದರು. ಒಬ್ಬ ಒಂದು ಹಿಡಿ ಗರಸು ಎತ್ತಿ ಅಂಗೈಯಲ್ಲಿ ಉಜ್ಜಿ, "ಒಳ್ಳೆ ಮಾಲು" ಅಂದ. ಹುಚ್ಚಕ್ಕ ಅವರಿಗೆ ಕುಡಿಯಲು ನೀರು ಕೊಡಬೇಕಾಯಿತು, ಕೊಟ್ಟಳು. ಅವರು ಹೋದ ಮೇಲೆ ಒಂದು ಗೀಟನ್ನು ಸೆರಗಿನಿಂದ ಒರೆಸಿ ನೋಡಿದಳು, ಹೋಗಲಿಲ್ಲ.

ಜನವರಿ ಎರಡನೆಯ ವಾರ ದಾಕ್ಷಾಯಿಣಿ ಬಂದಳು. ಪರಮೇಶ್ವರಪ್ಪನವರೂ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಿದ್ದರು. ಹತ್ತು ಗಂಟೆಯ ಬಿಸಿಲು. ದಾಕ್ಷಾಯಿಣಿ ಅಂಚಿನ ಸಾಲುಗಳಿಂದ ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡಳು, ಬೀಜ ಉಗುಳಿ ಅಂಗೈಯಲ್ಲಿ ನೋಡಿದಳು, ರಸವನ್ನು ಸಕ್ಕರೆ ಅಳೆಯುವ ಕೊಳವೆಯ ಗಾಜಿಗೆ ಬಿಟ್ಟು ಒಂದು ಕಣ್ಣು ಮುಚ್ಚಿ ನೋಡಿದಳು. ಮುಖ ಸಡಿಲವಾಯಿತು. ಆಮೇಲೆ ನಡುವಿನ ಸಾಲಿಗೆ ಹೋದಳು. ಅಲ್ಲಿ ಗೊಂಚಲು ದಪ್ಪದಪ್ಪಗಿದ್ದವು, ಅರ್ಧ ಕಪ್ಪು, ಅರ್ಧ ಇನ್ನೂ ಹಸಿರು. ಎರಡು ಸಲ ಅಳೆದಳು. ಕೊಳವೆಯನ್ನು ಒರೆಸಿ ಚೀಲಕ್ಕೆ ಹಾಕಿದಳು. ಹುಚ್ಚಕ್ಕ ಅವಳ ಕೈಯನ್ನೇ ನೋಡುತ್ತಿದ್ದಳು.

"ನಾನು ಅಂದ್ಕೊಂಡಿದ್ದೇ ಆತು ಸಾವ್ಕಾರ್ರೆ" ಅಂದಳು ದಾಕ್ಷಾಯಿಣಿ. "ನಡುವೆ ಕೆಳಗೆ ಸಾರದ ಮಣ್ಣಿನ ಪದರ ಐತೆ. ಇವತ್ತು ಆರು ಸಾಲು, ಇನ್ನೆರಡು ವರ್ಷಕ್ಕೆ ಇಡೀ ತಾಕು. ಮಣ್ಣೇ ಕೈ ಕೊಟ್ರೆ ಯಾರೇನು ಮಾಡಾಕಾಗ್ತೈತೆ. ಬ್ಯಾಡ ಅಂತಲೇ ಬರೀತೀನಿ."

ಪರಮೇಶ್ವರಪ್ಪನವರು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. "ಆಗ್ಲಿ ಬಿಡ್ರಿ. ಕಟಾವು ಆದಮೇಲೆ ಗರಸಿನವನಿಗೆ ಬಾ ಅಂತೀನಿ" ಎಂದು ಜೇಬಿನಿಂದ ಫೋನು ತೆಗೆದರು.

"ಮಣ್ಣಿನ ತಪ್ಪಲ್ಲ" ಅಂದಳು ಹುಚ್ಚಕ್ಕ.

ಮೆಲ್ಲಗೆ ಅಂದಳು. ಇಬ್ಬರೂ ತಿರುಗಿದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಬ್ಯಾಡ್ರಿ. ಮಣ್ಣು ಹೆಂಗಿತ್ತೋ ಹಂಗೇ ಐತೆ. ನಾನು ಮಂದೆ ತರುಬಿಸಿದೆ. ಹೋದ ಮಾರ್ಚ್‌ನಾಗೆ, ಮೂರು ರಾತ್ರಿ, ನನ್ನ ತಮ್ಮನ ಕುರಿ. ಸಾವ್ಕಾರ್ರು ಮದುವೆಗೆ ಹೋಗಿದ್ರು. ಒಳ್ಳೇದಾಗ್ಲಿ ಅಂತ ಮಾಡಿದೆ."

ದಾಕ್ಷಾಯಿಣಿ ನಂಬಲಿಲ್ಲ. ತಾಕು ಉಳಿಸಿಕೊಳ್ಳಲು ಹೇಳುತ್ತಿದ್ದಾಳೆ ಅಂದುಕೊಂಡಳೋ ಏನೋ. "ಜೂನ್‌ನಲ್ಲಿ ಕೇಳಿದಾಗ ಏನೂ ಕೊಟ್ಟಿಲ್ಲ ಅಂದ್ರಲ್ಲ" ಅಂದಳು.

ಹುಚ್ಚಕ್ಕ ಗುದ್ದಲಿ ತಂದಳು. ನಡುವಿನ ಸಾಲಿನ ಬುಡದಲ್ಲಿ ಅಗೆದಳು. ಗೇಣುದ್ದ ಮಣ್ಣು ಕರ್ರಗೆ, ಉದುರುದುರಾಗಿ ಬಂತು, ಅದರಲ್ಲಿ ಅರೆಕರಗಿದ ಹಿಕ್ಕೆ ಇನ್ನೂ ಗುರುತು ಸಿಗುವಂತಿತ್ತು. ಅದರ ಕೆಳಗೆ ಗುದ್ದಲಿ ಕಲ್ಲಿಗೆ ತಾಗಿ ಖಣ್ ಎಂದಿತು. ಆ ಕೆಂಪು ಗರಸನ್ನು ಅವಳು ಬರಿಗೈಯಲ್ಲಿ ಬಗೆದು ಮೊಳದುದ್ದ ಕೆಳಗಿಳಿದಳು. ಉಗುರಿನ ಸಂದಿ ಕಿತ್ತು ರಕ್ತ ಬಂತು. ಕೆಳಗೆ ಕಲ್ಲು, ಅದರ ಕೆಳಗೂ ಕಲ್ಲು. ಹದಿಮೂರು ವರ್ಷದ ಹಿಂದೆ ಜೀಪಿನಲ್ಲಿ ಬಂದವರು ನೋಡಿ ನಕ್ಕ ಅದೇ ಕಲ್ಲು.

"ನೋಡ್ರಿ ಮೇಡಮ್ಮಾರೆ. ಸಾರ ಮೇಲಿಂದ ಬಂದಿದ್ದು. ಕೆಳಗೇನೂ ಇಲ್ಲ."

ದಾಕ್ಷಾಯಿಣಿ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಎರಡೂ ಮಣ್ಣನ್ನು ಎರಡು ಕೈಯಲ್ಲಿ ಹಿಡಿದು ನೋಡಿದಳು. ಎಷ್ಟು ಕುರಿ, ಎಷ್ಟು ಸಾಲು, ಯಾವಾಗ ಮಣ್ಣಿಗೆ ಸೇರಿಸಿದ್ದು, ಎಲ್ಲ ಕೇಳಿ ಬರೆದುಕೊಂಡಳು. "ಜೋಳ ಯಾಕೆ ಹಾಕಿದ್ರಿ ಅಂತ ಈಗ ಗೊತ್ತಾತು" ಎಂದಷ್ಟೇ ಅಂದಳು.

ಪರಮೇಶ್ವರಪ್ಪನವರು ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಬೈದಿದ್ದರೆ ಹುಚ್ಚಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು. "ಕೀಲಿ ನಿನ್ನ ಕೈಯಾಗೆ ಕೊಟ್ಟು ಒಂದು ದಿನನೂ ತಿರುಗಿ ನೋಡಿದೋನಲ್ಲ ನಾನು" ಅಂದರು. "ಒಂದು ಮಾತು ಕೇಳಬೌದಿತ್ತಲ್ಲ ಹುಚ್ಚಕ್ಕ."

ಹುಚ್ಚಕ್ಕ ತಲೆ ತಗ್ಗಿಸಿ ಅತ್ತಳು.

ಹತ್ತು ದಿನ ಸುದ್ದಿ ಇಲ್ಲ. ಹುಚ್ಚಕ್ಕ ಕೆಲಸಕ್ಕೆ ಹೋದಳು, ಬಂದಳು. ಯಾರಾದರೂ ಫೋನು ಹಿಡಿದು ಮಾತಾಡಿದರೆ ತನ್ನದೇ ಸುದ್ದಿ ಅನ್ನಿಸುತ್ತಿತ್ತು. ಹನ್ನೊಂದನೆಯ ದಿನ ಅಂಗಡಿಗೆ ಬರಲು ಹೇಳಿಕಳಿಸಿದರು. ಕಂಪನಿಯವರು ಕರಾರು ಮುಂದುವರಿಸಲು ಒಪ್ಪಿದ್ದರು. ಆರು ಸಾಲಿನ ಹಣ್ಣನ್ನು ಈ ವರ್ಷ ಒಯ್ಯುವುದಿಲ್ಲ, ಉಳಿದದ್ದನ್ನು ಎಂದಿನಂತೆ ಬೇರೆಯಾಗಿ ಒಯ್ಯುತ್ತಾರೆ. ಇನ್ನೆರಡು ಮಳೆಗಾಲ ಜೋಳ ಬಿತ್ತಿ ಕೊಯ್ದರೆ ಸಾರ ಇಳಿಯುತ್ತದೆ, ಬಿತ್ತುವ ಮೇಲ್ವಿಚಾರಣೆ ಹುಚ್ಚಕ್ಕನದೇ ಎಂದು ದಾಕ್ಷಾಯಿಣಿ ಬರೆದಿದ್ದಳು. ಇನ್ನೊಂದು ಷರತ್ತೂ ಇತ್ತು. ಮೇಲಿನ ತಾಕಿನ ಸುತ್ತ ತಂತಿ ಬೇಲಿ ಆಗಬೇಕು. ತರುಬುವುದಕ್ಕಿರಲಿ, ದಾಟುವುದಕ್ಕೂ ಕುರಿ ಒಳಗೆ ಕಾಲಿಡಬಾರದು. ಅದಕ್ಕೆ ಮೇಸ್ತ್ರಿ ಜವಾಬ್ದಾರಿಯೆಂದು ರುಜು ಹಾಕಬೇಕು.

ಪರಮೇಶ್ವರಪ್ಪನವರು ಪೆನ್ನು ಮುಂದೆ ಮಾಡಿದರು. "ಹಾಕ್ತೀಯೋ, ಗರಸಿನವನಿಗೆ ಹೇಳ್ಲೋ?" ಅಂದರು.

ಹುಚ್ಚಕ್ಕ ರುಜು ಹಾಕಿದಳು. ಅಕ್ಷರ ಗೆರೆ ಬಿಟ್ಟು ಕೆಳಗಿಳಿಯಿತು.

ಫೆಬ್ರವರಿಯಲ್ಲಿ ಆರು ಸಾಲಿನ ಗೊಂಚಲನ್ನು ಅವಳೇ ಕತ್ತರಿಸಿ ಕೆಳಗೆ ಬೀಳಿಸಿದಳು. ಕಟಾವು ಮುಗಿಯುವಷ್ಟರಲ್ಲಿ ಕಲ್ಲುಕಂಬ ನಿಂತವು, ತಂತಿ ಎಳೆದರು, ಕುರಿದಾರಿ ತಾಕನ್ನು ಸೇರುವಲ್ಲಿ ಕಬ್ಬಿಣದ ಗೇಟು ಕೂತಿತು.

ಮಾರ್ಚ್ ಕೊನೆಯ ವಾರ, ನಡುಮಧ್ಯಾಹ್ನ, ಯತ್ತಪ್ಪ ಬಂದ. ಮುನ್ನೂರು ಕುರಿ ಬಾಯಾರಿ ಗೇಟಿನೆದುರು ಒತ್ತಿ ನಿಂತವು. ಕಟ್ಟೆಯ ನೀರು ಗುಡ್ಡದಾಚೆ ಕಾಣುವಷ್ಟು ಹತ್ತಿರದಲ್ಲಿತ್ತು. ಹುಚ್ಚಕ್ಕ ಬೆಳಗಿನಿಂದ ಅಲ್ಲೇ ಕಾಯುತ್ತಿದ್ದಳು. ಬೇರೆ ಯಾರಾದರೂ ಅವನಿಗೆ ಹೇಳುವುದು ಅವಳಿಗೆ ಬೇಕಿರಲಿಲ್ಲ.

"ಏನಕ್ಕ, ಕೋಟೆ ಕಟ್ಟಿಸ್ಬಿಟ್ಟವ್ರೆ ಸಾವ್ಕಾರ್ರು" ಎಂದು ನಕ್ಕ ಯತ್ತಪ್ಪ. "ತೆಗಿ, ಬಿಸ್ಲು ಜೋರೈತೆ."

"ಆಗಲ್ಲ ಯತ್ತಪ್ಪ."

"ತರುಬಲ್ಲ ಕಣಕ್ಕ, ದಾಟಿ ಹೋಗ್ತೀನಿ ಅಷ್ಟೆ."

"ದಾಟಾಕೂ ಆಗಲ್ಲ. ಹೋದ್ಸಲ ನಾವು ತರುಬಿದ್ದು ಬಳ್ಳಿಗೆ ಆಗಿಲ್ಲ. ತಾಕೇ ಹೋಗ್ತಿತ್ತು, ಗುಡ್ಡಾನೇ ಅಗೀತಿದ್ರು. ನಾನೇ ರುಜು ಹಾಕಿ ಕೊಟ್ಟೀನಿ."

ಯತ್ತಪ್ಪ ನಗು ನಿಲ್ಲಿಸಿದ. ಅವಳ ಸೊಂಟದ ಕೀಲಿ ನೋಡಿದ, ಗೇಟು ನೋಡಿದ. ಗುಡ್ಡ ಸುತ್ತಿ ಹೋಗಬೇಕೆಂದರೆ ಒಂದು ಇಡೀ ದಿನ, ನಡುವೆ ಎಲ್ಲೂ ನೀರಿಲ್ಲ. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

"ಸಾವ್ಕಾರ್ರು ಮುಚ್ಚಿದ್ರೆ ಜಗಳ ಆಡ್ತಿದ್ದೆ" ಅಂದ. "ನೀನು ಮುಚ್ಚಿದ ಮ್ಯಾಲೆ ಯಾರತ್ರ ಆಡ್ಲಿ ಅಕ್ಕ."

ಹುಚ್ಚಕ್ಕ ತಂದಿದ್ದ ಎರಡು ಬಿಂದಿಗೆ ನೀರನ್ನು ತಂತಿಯ ಮೇಲಿಂದ ಎತ್ತಿಕೊಟ್ಟಳು. ಅವನು ಇಸಕೊಂಡು, ಹಿಂದೆ ಬಿದ್ದಿದ್ದ ಮರಿಗಳಿಗೆ ಕುಡಿಸಿ, ಖಾಲಿ ಬಿಂದಿಗೆಗಳನ್ನು ಕಂಬದ ಬುಡದಲ್ಲಿಟ್ಟ. ಆಮೇಲೆ ಹಿಂಡನ್ನು ಬಂದ ದಾರಿಗೇ ತಿರುಗಿಸಿದ.